ಓದು ಬಿಟ್ಟು ಮತ್ತೆ ಕಾಲೇಜಿಗೆ: ಮೊದಲ ಸೆಮಿಸ್ಟರ್ ದಾಟುವುದು ಹೇಗೆ

ಪಿಯುಸಿ ಮುಗಿಯುತ್ತಲೇ ಮದುವೆಯಾದವರು, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆಗೆ ಕೂತವರು, ಸಿಂಧನೂರು, ಗಂಗಾವತಿ ಕಡೆ ಗದ್ದೆ ಕೆಲಸಕ್ಕೆ ನಿಂತವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಹೋದವರು ಐದು, ಎಂಟು, ಹನ್ನೆರಡು ವರ್ಷದ ಮೇಲೆ ಪದವಿ ಮಾಡಬೇಕೆಂದು ಬರುತ್ತಾರೆ. ಬಂದವರಲ್ಲಿ ಹಲವರು ಮೊದಲ ಸೆಮಿಸ್ಟರ್‌ನಲ್ಲೇ ಕೈಬಿಡುತ್ತಾರೆ. "ಓದಿದ್ದು ತಲಿಗೆ ಹತ್ತಲಿಲ್ಲ" ಎಂದು ಅವರು ಹೇಳಿಕೊಂಡರೂ ಕಾರಣ ಬಹುತೇಕ ಬೇರೆಯೇ ಇರುತ್ತದೆ. ಹಾಜರಿ ಸಾಲಲಿಲ್ಲ, ಕಾಲೇಜಿನಲ್ಲೇ ಕೊಡುವ ಇಂಟರ್ನಲ್ ಅಂಕ ಕೈತಪ್ಪಿತು, ಮೂರು ತಾಸು ಕೂತು ಬರೆಯಲು ಕೈ ಓಡಲಿಲ್ಲ. ಈ ಮೂರೂ ಮೊದಲ ಆರು ವಾರದಲ್ಲೇ ತೀರ್ಮಾನವಾಗಿಬಿಡುತ್ತವೆ, ಪರೀಕ್ಷೆಯ ತಿಂಗಳಲ್ಲಿ ಸರಿಮಾಡಲು ಆಗುವುದಿಲ್ಲ. ಈ ಲೇಖನದ ಹೆಚ್ಚಿನ ಪಾಲು ಆ ಆರು ವಾರಗಳ ಬಗ್ಗೆಯೇ ಇದೆ.

ರೆಗ್ಯುಲರ್ ಆಗುತ್ತದೆಯೇ, ಮೊದಲು ಲೆಕ್ಕ ಹಾಕಿ

ರೆಗ್ಯುಲರ್ ಪದವಿಗೆ ಪ್ರತಿ ವಿಷಯದಲ್ಲೂ ಶೇಕಡಾ 75 ಹಾಜರಿ ಬೇಕು. ಎಲ್ಲ ವಿಷಯ ಸೇರಿಸಿ 75 ಬಂದರೆ ಸಾಲದು, ಒಂದೊಂದರಲ್ಲೂ ಬರಬೇಕು. ಹಗಲು ಕೆಲಸ ಇರುವವರು ಇಲ್ಲೇ ನಿಂತು ಯೋಚಿಸಬೇಕು.

ಮೂರು ಪಾಳಿಯ ಕೆಲಸದವರ ಲೆಕ್ಕ ನೋಡಿ. ಬೆಳಿಗ್ಗೆ 6ರಿಂದ 2ರ ಪಾಳಿ ಇದ್ದ ವಾರ ತರಗತಿ ಪೂರ್ತಿ ಹೋಯಿತು ಎನ್ನಬೇಕು. 2ರಿಂದ ರಾತ್ರಿ 10ರ ಪಾಳಿಯಲ್ಲಿ ಬೆಳಗಿನ ಎರಡು ತರಗತಿ ಸಿಕ್ಕಾವು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಕೂತರೆ ಹಾಜರಿ ಸಿಗುತ್ತದೆ, ಪಾಠ ಸಿಗುವುದಿಲ್ಲ. ಪಾಳಿ ವಾರವಾರ ಬದಲಾಗುತ್ತಿದ್ದರೆ ಶೇಕಡಾ 75 ಮುಟ್ಟುವುದು ಆಗದ ಮಾತು. ಅಂಥವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಅಥವಾ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪದವಿಯೇ ಸರಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಇರುವ ದೂರಶಿಕ್ಷಣದ ಪದವಿ ನೌಕರಿಗೂ ನಡೆಯುತ್ತದೆ, ಸ್ನಾತಕೋತ್ತರಕ್ಕೂ ನಡೆಯುತ್ತದೆ. ಸೇರುವ ಮುಂಚೆ ನಿಮ್ಮ ಕೋರ್ಸಿನ ಹೆಸರು ಆ ವರ್ಷದ ಮಾನ್ಯತೆ ಪಟ್ಟಿಯಲ್ಲಿದೆಯೇ ಎಂದು ಯುಜಿಸಿ ಜಾಲತಾಣದಲ್ಲಿ ನೋಡಿಕೊಳ್ಳಿ. ಪೇಟೆಯಲ್ಲಿ ಬೋರ್ಡು ಹಾಕಿ "ಒಂದೇ ವರ್ಷದಲ್ಲಿ ಡಿಗ್ರಿ" ಎನ್ನುವವರ ಹತ್ತಿರ ದುಡ್ಡು ಕಟ್ಟಬೇಡಿ.

ಅರ್ಧಕ್ಕೆ ಬಿಟ್ಟ ಪದವಿ ಮುಗಿಸಬೇಕೆನ್ನುವವರ ದಾರಿ ಬೇರೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಅದಕ್ಕೆ ಮೊದಲು ಈ ಭಾಗದ ಕಾಲೇಜುಗಳೆಲ್ಲ ಗುಲ್ಬರ್ಗ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ರಾಯಚೂರು, ಕೊಪ್ಪಳಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು ಈಚಿನ ವರ್ಷಗಳಲ್ಲಿ. ಹಾಗಾಗಿ ನಿಮ್ಮ ಕಾಲೇಜು ಅದೇ ಕಟ್ಟಡದಲ್ಲಿದ್ದರೂ ನಿಮ್ಮ ಹಳೆಯ ಅಂಕಪಟ್ಟಿಯ ಕಡತ ಬೇರೆ ಊರಿನಲ್ಲಿರಬಹುದು. ಹಳೆಯ ಅಂಕಪಟ್ಟಿಯ ತಲೆಬರಹದಲ್ಲಿ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅಲ್ಲಿನ ಕುಲಸಚಿವರ, ಮೌಲ್ಯಮಾಪನ ವಿಭಾಗದ, ಕಚೇರಿಗೆ ರಿಜಿಸ್ಟರ್ ನಂಬರ್ ಬರೆದು ಅರ್ಜಿ ಕೊಡಿ. ಉಳಿದ ವಿಷಯ ಕಟ್ಟಲು ಅವಧಿ ಇದೆಯೋ ಮುಗಿದಿದೆಯೋ ಎಂದು ಬರಹದಲ್ಲೇ ಕೇಳಿ. ಬಾಯಿಮಾತಿನ ಉತ್ತರ ನಂಬಿ ಹೊಸದಾಗಿ ಸೇರಬೇಡಿ, ಹಳೆಯದನ್ನು ಬಿಡಲೂ ಬೇಡಿ.

ಕಾಗದ ಪತ್ರ: ಎಲ್ಲಿ ಸಿಕ್ಕಿಬೀಳುತ್ತೀರಿ

ಆಗಷ್ಟೇ ಪಿಯುಸಿ ಮುಗಿಸಿದ ಹುಡುಗರಿಗೆ ಇದು ಒಂದು ದಿನದ ಕೆಲಸ. ವರ್ಷಗಳ ಅಂತರ ಇರುವವರಿಗೆ ಎರಡು ವಾರ ಹಿಡಿಯುತ್ತದೆ. ಪ್ರವೇಶ ಶುರುವಾಗುವ ಒಂದು ತಿಂಗಳು ಮುಂಚೆಯೇ ಕೈಹಾಕಿ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೊ: ಇವು ಮೂಲ. ಕೆಲವು ಕಾಲೇಜು ನಡುವಿನ ವರ್ಷಗಳಲ್ಲಿ ಎಲ್ಲೂ ಓದಿಲ್ಲ ಎಂಬ ಅಫಿಡವಿಟ್ ಕೇಳುತ್ತವೆ, ಅದನ್ನು ನೋಟರಿ ಹತ್ತಿರ ಒಂದು ದಿನದಲ್ಲಿ ಮಾಡಿಸಬಹುದು. ಕಾಲೇಜು ಕೇಳದೆ ಮೊದಲೇ ಮಾಡಿಸಿ ದುಡ್ಡು ಕಳೆಯಬೇಡಿ. ಅಂಕಪಟ್ಟಿ ಕಳೆದಿದ್ದರೆ ಮೊದಲು ಡಿಜಿಲಾಕರ್‌ನಲ್ಲಿ ಹುಡುಕಿ. ಸಿಗದಿದ್ದರೆ ಓದಿದ ಶಾಲೆ ಅಥವಾ ಕಾಲೇಜಿನ ಮುಖ್ಯಸ್ಥರ ಮೂಲಕ ಪರೀಕ್ಷಾ ಮಂಡಳಿಗೆ ನಕಲು ಪ್ರತಿಯ ಅರ್ಜಿ ಹೋಗಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಎಲ್ಲಕ್ಕಿಂತ ಮೊದಲು ಇದನ್ನೇ ಹಿಡಿಯಿರಿ.

ಹೆಚ್ಚು ಕಾಡುವುದು ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ಇಲ್ಲವೇ ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಕಾಲೇಜಿನ ದಾಖಲೆ ಎಸ್ಸೆಸ್ಸೆಲ್ಸಿ ಹೆಸರಿನಲ್ಲಿ ಹೋಗುತ್ತದೆ, ವಿದ್ಯಾರ್ಥಿವೇತನ ಆಧಾರ್ ಹೆಸರಿನಲ್ಲಿ ಹೋಗುತ್ತದೆ, ಎರಡೂ ತಾಳೆಯಾಗದೆ ಅರ್ಜಿ ನಿಲ್ಲುತ್ತದೆ. ಓದು ಮುಂದುವರಿಸುವವರಿಗೆ ಆಧಾರ್ ಹೆಸರನ್ನು ಎಸ್ಸೆಸ್ಸೆಲ್ಸಿಗೆ ಹೊಂದಿಸುವುದೇ ಸಲೀಸು, ಏಕೆಂದರೆ ಮುಂದಿನ ಪದವಿ ಪ್ರಮಾಣಪತ್ರವೂ ಎಸ್ಸೆಸ್ಸೆಲ್ಸಿ ಹೆಸರಿನಲ್ಲೇ ಬರುತ್ತದೆ. ಆದರೆ ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಎರಡೇ ಅವಕಾಶ. ಆಧಾರ್ ಕೇಂದ್ರದಲ್ಲಿ ರಸೀದಿ ಕೊಡುವ ಮುಂಚೆ ಪರದೆಯ ಮೇಲೆ ಒಂದೊಂದು ಅಕ್ಷರ ನೋಡಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ.

ಎರಡನೆಯದು ಮೊಬೈಲ್ ನಂಬರ್. ಪ್ರವೇಶ, ಪರೀಕ್ಷಾ ಶುಲ್ಕ, ಫಲಿತಾಂಶ ಎಲ್ಲವೂ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ರಾಜ್ಯ ಸರ್ಕಾರ ಮಾಡಿದ ಯುಯುಸಿಎಂಎಸ್ ಜಾಲತಾಣದಲ್ಲಿ ನಡೆಯುತ್ತದೆ. ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಜಾಲತಾಣವಾದ ಎಸ್ಎಸ್‌ಪಿ. ಇವನ್ನು ಸೈಬರ್ ಸೆಂಟರ್‌ನಲ್ಲಿ ತುಂಬಿಸುವಾಗ ಅಂಗಡಿಯವರು ಅವಸರಕ್ಕೆ ತಮ್ಮದೇ ನಂಬರ್, ತಮ್ಮದೇ ಮೇಲ್ ಹಾಕಿಬಿಡುವುದುಂಟು. ಅಂದು ಕೆಲಸ ಆಗುತ್ತದೆ. ಡಿಸೆಂಬರ್‌ನಲ್ಲಿ ಪರೀಕ್ಷಾ ಅರ್ಜಿ ತುಂಬಲು ಹೋದಾಗ ಒಟಿಪಿ ಆ ನಂಬರಿಗೆ ಹೋಗುತ್ತದೆ, ಅಂಗಡಿ ಅಷ್ಟರಲ್ಲಿ ಮುಚ್ಚಿರುತ್ತದೆ. ಅರ್ಜಿಯಲ್ಲಿ ನಿಮ್ಮ ಸ್ವಂತ ಸಿಮ್ಮಿನ ನಂಬರೇ ಇರಲಿ, ಮಗನ ನಂಬರಾಗಲಿ ಗಂಡನ ನಂಬರಾಗಲಿ ಬೇಡ. ಲಾಗಿನ್ ಐಡಿ, ಪಾಸ್‌ವರ್ಡ್ ಎರಡನ್ನೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ.

ಮೂರನೆಯದು ಬ್ಯಾಂಕ್ ಖಾತೆ. ವಿದ್ಯಾರ್ಥಿವೇತನದ ಹಣ ಅರ್ಜಿಯಲ್ಲಿ ಬರೆದ ಖಾತೆಗೆ ಬರುವುದಿಲ್ಲ, ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ. ಗೃಹಲಕ್ಷ್ಮಿ ಹಣ ಪಡೆಯುತ್ತಿರುವ ಮಹಿಳೆಯರಿಗೆ ಈ ಚಿಂತೆ ಇಲ್ಲ, ಆ ಖಾತೆಗೇ ಬೀಳುತ್ತದೆ. ಉಳಿದವರು ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆ ಮಾಡಿದ್ದೀರಾ ಎಂದಷ್ಟೇ ಕೇಳದೆ, ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ ಎಂದು ಕೇಳಿ. ಕೆವೈಸಿಗೆ, ಅಂದರೆ ಗುರುತಿನ ದಾಖಲೆಗೆ, ಆಧಾರ್ ಕೊಡುವುದು ಬೇರೆ, ಸರ್ಕಾರದ ಹಣ ಯಾವ ಖಾತೆಗೆ ಬರಬೇಕೆಂದು ಆಧಾರ್ ಜೊತೆ ಹೊಂದಿಸುವ ಮ್ಯಾಪಿಂಗ್ ಬೇರೆ. ಡಿಪ್ಲೊಮಾ ಮುಗಿಸಿ ಯುವನಿಧಿ ಪಡೆಯುತ್ತಿದ್ದವರು ಮತ್ತೆ ಓದಿಗೆ ಸೇರಿದರೆ ಆ ಭತ್ಯೆಗೆ ಅರ್ಹರಲ್ಲ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕಿ. ಅದರ ಮೇಲೆ ಅಚ್ಚಾದ ಆರ್‌ಡಿ ನಂಬರ್ ಎಸ್ಎಸ್‌ಪಿಗೆ ಬೇಕು. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ ಕಚೇರಿ. ಮುಂದೆ ನೌಕರಿಗೆ, ವೃತ್ತಿಪರ ಕೋರ್ಸಿಗೆ ಅದರ ಬೆಲೆ ದೊಡ್ಡದು. ಆದರೆ ಬಿಎ, ಬಿಕಾಂ ಮೊದಲ ಸೆಮಿಸ್ಟರ್ ಶುರುವಾದ ವಾರದಲ್ಲೇ ಅದಕ್ಕಾಗಿ ಕಚೇರಿ ಸುತ್ತಿ ತರಗತಿ ಕಳೆದುಕೊಳ್ಳಬೇಡಿ, ದಸರಾ ರಜೆಗೆ ಇಟ್ಟುಕೊಳ್ಳಿ.

ಹಾಜರಿಯ ಲೆಕ್ಕ, ಸುಗ್ಗಿಯ ಲೆಕ್ಕ

ವಾರಕ್ಕೆ ನಾಲ್ಕು ತಾಸಿನ ವಿಷಯ ಎಂದುಕೊಳ್ಳಿ. ಹದಿನೈದು ವಾರಕ್ಕೆ 60 ತರಗತಿ. 75ರ ಲೆಕ್ಕಕ್ಕೆ 45 ಬೇಕು. ತಪ್ಪಿಸಿಕೊಳ್ಳಬಹುದಾದದ್ದು 15. ಕೇಳಲು ಧಾರಾಳ ಅನಿಸುತ್ತದೆ.

ಈಗ ಕಳೆಯುತ್ತ ಹೋಗಿ. ಕಾಗದಪತ್ರದ ಓಡಾಟದಲ್ಲಿ ಮೊದಲ ಎರಡು ವಾರ ತಪ್ಪಿದರೆ 8 ಹೋಯಿತು, ಉಳಿದದ್ದು 7. ತುಂಗಭದ್ರಾ ಕಾಲುವೆ ಕೆಳಗಿನ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದಲ್ಲಿ ಮುಂಗಾರಿನ ಭತ್ತ ಕೊಯ್ಲಿಗೆ ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. ಯಂತ್ರ ಬರುವ ದಿನ, ಒಣಗಿಸುವುದು, ಚೀಲ ತುಂಬುವುದು ಎಂದು ಹತ್ತು ದಿನ ಹೊಲದಲ್ಲೇ ನಿಂತರೆ ಇನ್ನು 6 ಅಥವಾ 7 ತರಗತಿ ಹೋಯಿತು. ಅಲ್ಲಿಗೆ ಉಳಿದದ್ದು ಏನೂ ಇಲ್ಲ. ಆಮೇಲೆ ಮಗುವಿಗೆ ಜ್ವರ ಬಂದರೂ, ಊರಲ್ಲಿ ಮದುವೆ ಇದ್ದರೂ ಹಾಜರಿ ಕಡಿಮೆ ಬೀಳುತ್ತದೆ. ರಾಯಚೂರು ಕಡೆ ಹತ್ತಿ ಬಿಡಿಸುವವರಿಗೂ ಇದೇ ತಿಂಗಳುಗಳು.

ಆದ್ದರಿಂದ ಸೇರಿದ ದಿನವೇ ಹೀಗೆ ಮಾಡಿ. ಚಿಕ್ಕ ಪಾಕೆಟ್ ಡೈರಿ ಇಟ್ಟುಕೊಳ್ಳಿ. ಒಂದೊಂದು ವಿಷಯಕ್ಕೆ ಒಂದು ಪುಟ. ತರಗತಿ ನಡೆದರೆ ಗೆರೆ, ನೀವು ತಪ್ಪಿದರೆ ಸುತ್ತು. ಪ್ರತಿ ಶನಿವಾರ ಸುತ್ತು ಎಣಿಸಿ. ನವೆಂಬರ್ ಒಂದರ ಹೊತ್ತಿಗೆ ಯಾವ ವಿಷಯದಲ್ಲೂ ಐದಕ್ಕಿಂತ ಹೆಚ್ಚು ಸುತ್ತು ಇರಬಾರದು, ಉಳಿದ ಹತ್ತನ್ನು ಸುಗ್ಗಿಗೆ ಮತ್ತು ಮನೆಯ ಆಪತ್ತಿಗೆ ಇಡಬೇಕು. ತಡವಾಗಿ ಪ್ರವೇಶ ಪಡೆದಿದ್ದರೆ ಹಾಜರಿ ಎಣಿಕೆ ಪ್ರವೇಶದ ದಿನದಿಂದಲೋ ತರಗತಿ ಶುರುವಾದ ದಿನದಿಂದಲೋ ಎಂದು ಕಚೇರಿಯಲ್ಲಿ ಕೇಳಿ ಡೈರಿಯ ಮೊದಲ ಪುಟದಲ್ಲೇ ಬರೆಯಿರಿ.

ಕಾಯಿಲೆ ಬಿದ್ದರೆ ವೈದ್ಯಕೀಯ ಪ್ರಮಾಣಪತ್ರವನ್ನು ಗುಣವಾಗಿ ಬಂದ ವಾರದಲ್ಲೇ ಕೊಡಿ. ಸೆಮಿಸ್ಟರ್ ಕೊನೆಯಲ್ಲಿ ಹಾಜರಿ ಕಡಿಮೆ ಬಿದ್ದ ಮೇಲೆ ತಂದ ಪತ್ರಕ್ಕೆ ಬೆಲೆ ಕಡಿಮೆ.

ಬಸ್ಸಿನ ವಿಷಯ ಇಲ್ಲೇ ಹೇಳಬೇಕು, ಏಕೆಂದರೆ ಹಳ್ಳಿಯಿಂದ ಬರುವವರಿಗೆ ಮೊದಲ ತರಗತಿ ತಪ್ಪುವುದು ಬಸ್ಸಿನಿಂದಲೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್ಸು ಉಚಿತ, ಗುರುತಿನ ಚೀಟಿ ಸಾಕು. ಗಂಡಸರು ಕಲ್ಯಾಣ ಕರ್ನಾಟಕ ಸಾರಿಗೆಯ ವಿದ್ಯಾರ್ಥಿ ಪಾಸಿಗೆ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಬೆಳಗಿನ ಬಸ್ಸಿನಲ್ಲಿ ಹತ್ತಲು ಜಾಗವಿಲ್ಲದಿದ್ದರೆ ಅದಕ್ಕಿಂತ ಮುಂಚಿನ ಬಸ್ಸಿಗೆ ಬರುವುದನ್ನೇ ರೂಢಿ ಮಾಡಿಕೊಳ್ಳಿ. ಕಾಲೇಜಿಗೆ ಮುಕ್ಕಾಲು ತಾಸು ಮುಂಚೆ ಮುಟ್ಟುತ್ತೀರಿ, ಗ್ರಂಥಾಲಯದಲ್ಲಿ ಕೂತು ಹಿಂದಿನ ದಿನದ ನೋಟ್ಸ್ ಓದಲು ದಿನದಲ್ಲಿ ಇಷ್ಟು ಶಾಂತವಾದ ಹೊತ್ತು ಬೇರೆ ಸಿಗುವುದಿಲ್ಲ.

ಕೈ ಓಡಿಸುವುದು

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹತ್ತು ವರ್ಷ ಮೊಬೈಲ್ ಒತ್ತಿದ, ಮಷಿನ್ ತುಳಿದ ಕೈಗೆ ಪೆನ್ನು ಹಿಡಿದು ಮೂರು ತಾಸು ಬರೆಯುವ ಶಕ್ತಿ ಉಳಿದಿರುವುದಿಲ್ಲ. ಉತ್ತರ ಗೊತ್ತಿದ್ದೂ ಕೊನೆಯ ಎರಡು ಪ್ರಶ್ನೆ ಬಿಟ್ಟು ಎದ್ದು ಬರುವವರು ಮತ್ತೆ ಸೇರಿದವರಲ್ಲಿ ಬಹಳ.

ಲೆಕ್ಕ ಸರಳ. 2024–25ರಿಂದ ಬಂದ ಮೂರು ವರ್ಷದ ಪದವಿಯಲ್ಲಿ ಹೆಚ್ಚಿನ ಥಿಯರಿ ವಿಷಯಗಳಿಗೆ ಪರೀಕ್ಷೆ 80, ಇಂಟರ್ನಲ್ 20. ಮೂರು ತಾಸು ಅಂದರೆ 180 ನಿಮಿಷ. ಪ್ರಶ್ನೆಪತ್ರಿಕೆ ಓದಲು 10, ಕೊನೆಗೆ ತಿರುಗಿ ನೋಡಲು 10 ತೆಗೆದರೆ ಉಳಿಯುವುದು 160 ನಿಮಿಷ. ಒಂದು ಅಂಕಕ್ಕೆ ಎರಡು ನಿಮಿಷ. ಐದು ಅಂಕದ ಉತ್ತರಕ್ಕೆ 10 ನಿಮಿಷ, ಹದಿನೈದು ಅಂಕದ್ದಕ್ಕೆ 30 ನಿಮಿಷ. ಇದಕ್ಕಿಂತ ಒಂದು ನಿಮಿಷವೂ ಹೆಚ್ಚು ಕೊಡಬಾರದು, ಆ ಉತ್ತರ ಎಷ್ಟೇ ಚೆನ್ನಾಗಿ ಬರುತ್ತಿರಲಿ.

ಈಗ ನಿಮ್ಮ ಕೈಯನ್ನು ಅಳೆಯಿರಿ. ಗೆರೆ ಎಳೆದ ಉದ್ದನೆಯ ಹಾಳೆ ತೆಗೆದುಕೊಂಡು ಪಠ್ಯಪುಸ್ತಕ ನೋಡುತ್ತ ಒಂದು ಪುಟ ಬರೆಯಿರಿ, ಗಡಿಯಾರ ನೋಡಿ. ಒಂದು ಪುಟಕ್ಕೆ 10 ನಿಮಿಷ ಹಿಡಿದರೆ ಹದಿನೈದು ಅಂಕದ ಪ್ರಶ್ನೆಗೆ ಮೂರು ಪುಟ ಮಾತ್ರ ಬರೆಯಬಲ್ಲಿರಿ. 7 ನಿಮಿಷಕ್ಕೆ ಇಳಿದರೆ ನಾಲ್ಕು ಪುಟ ಆಗುತ್ತದೆ. ಗುರಿ ಇಷ್ಟೇ.

ಮೊದಲ ವಾರ ದಿನಕ್ಕೆ 10 ನಿಮಿಷ ನೋಡಿಕೊಂಡು ಬರೆಯಿರಿ. ಮೂರನೇ ವಾರದಿಂದ 20 ನಿಮಿಷ, ಪುಸ್ತಕ ಮುಚ್ಚಿ, ಅಂದಿನ ಪಾಠವನ್ನೇ. ಆರನೇ ವಾರಕ್ಕೆ 30 ನಿಮಿಷದಲ್ಲಿ ಒಂದು ದೊಡ್ಡ ಉತ್ತರ. ಹತ್ತನೇ ವಾರದಿಂದ ಭಾನುವಾರಕ್ಕೊಮ್ಮೆ ಒಂದೂವರೆ ತಾಸು ಎದ್ದೇಳದೆ. ಪರೀಕ್ಷೆಗೆ ಎರಡು ವಾರ ಇರುವಾಗ ಒಮ್ಮೆ ಪೂರ್ತಿ ಮೂರು ತಾಸು, ಅದೂ ನಿಮ್ಮ ಪರೀಕ್ಷೆಯ ಹೊತ್ತಿನಲ್ಲೇ.

ಹೆಬ್ಬೆರಳ ಬುಡದಲ್ಲಿ ನೋವು ಬಂದರೆ ಪೆನ್ನನ್ನು ಬಿಗಿಯಾಗಿ ಹಿಡಿಯುತ್ತಿದ್ದೀರಿ ಎಂದರ್ಥ. ಹಾಳೆ ತಿರುವಿ ಹಿಂಬದಿ ಸವರಿ ನೋಡಿ. ಅಕ್ಷರಗಳು ಉಬ್ಬಿ ಬೆರಳಿಗೆ ಸಿಗುತ್ತಿದ್ದರೆ ಒತ್ತಿ ಬರೆಯುತ್ತಿದ್ದೀರಿ. ಒತ್ತಿದರಷ್ಟೇ ಮೂಡುವ ಹಳೆಯ ಬಾಲ್ ಪೆನ್ ಬಿಟ್ಟು ಸಲೀಸಾಗಿ ಜಾರುವ ಪೆನ್ನು ಹಿಡಿಯಿರಿ, ಮೊಣಕೈ ಪೂರ್ತಿ ಮೇಜಿನ ಮೇಲಿರಲಿ. ನೆಲದ ಮೇಲೆ ಕೂತು ತೊಡೆಯ ಮೇಲೆ ಪುಸ್ತಕ ಇಟ್ಟು ಅಭ್ಯಾಸ ಮಾಡಿದರೆ ಪರೀಕ್ಷೆಯ ಬೆಂಚಿನಲ್ಲಿ ಕೈ ಬೇರೆಯೇ ನಡೆಯುತ್ತದೆ. ಮನೆಯಲ್ಲಿ ಮೇಜಿಲ್ಲದವರು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗಬಹುದು, ಜಿಲ್ಲಾ ಕೇಂದ್ರದಲ್ಲಿದ್ದರೆ ಜಿಲ್ಲಾ ಗ್ರಂಥಾಲಯಕ್ಕೆ.

ಪಾಠ ಹಿಡಿಯುವುದು

ಮೊದಲ ವಾರ ಉಪನ್ಯಾಸಕರ ಮಾತಿನ ವೇಗಕ್ಕೆ ಬರೆಯಲು ಆಗುವುದಿಲ್ಲ. ಎಲ್ಲ ಬರೆಯಲು ಹೋಗಬೇಡಿ. ಪುಟದ ಎಡಕ್ಕೆ ನಾಲ್ಕು ಬೆರಳಗಲ ಜಾಗ ಬಿಡಿ. ಬಲಕ್ಕೆ ತಲೆಬರಹ, ಇಸವಿ, ಹೆಸರು, ಕಾರಣ ಮಾತ್ರ ಬರೆಯಿರಿ. ಉದ್ದ ಹೆಸರುಗಳನ್ನು ಮೊಟಕು ಮಾಡಿ: ವಿಜಯನಗರ ಸಾಮ್ರಾಜ್ಯಕ್ಕೆ "ವಿ.ಸಾ.", ಬೇಡಿಕೆಯ ನಿಯಮಕ್ಕೆ "ಬೇ.ನಿ." ಅದೇ ಸಂಜೆ ಎಡಗಡೆ ಜಾಗದಲ್ಲಿ ಬಿಟ್ಟದ್ದನ್ನು ತುಂಬಿ. ಸಂಜೆ ತಪ್ಪಿದರೆ ಮಾರನೆಯ ದಿನ ಬಸ್ಸಿನಲ್ಲಾದರೂ ಸರಿ. ಮೂರು ದಿನ ಬಿಟ್ಟರೆ ನಿಮ್ಮದೇ ಮೊಟಕು ಅಕ್ಷರ ನಿಮಗೇ ತಿಳಿಯುವುದಿಲ್ಲ.

ಉತ್ತರ ಯಾವ ಮಾಧ್ಯಮದಲ್ಲಿ ಬರೆಯುತ್ತೀರಿ ಎಂಬುದನ್ನು ಎರಡನೇ ವಾರದೊಳಗೆ ತೀರ್ಮಾನಿಸಿ. ತರಗತಿಯಲ್ಲಿ ಇಂಗ್ಲಿಷ್ ಪದ, ವಿವರಣೆ ಕನ್ನಡದಲ್ಲಿ, ಮನೆಯಲ್ಲಿ ತೆಲುಗೋ ಉರ್ದುವೋ: ಬಳ್ಳಾರಿ, ರಾಯಚೂರಿನ ಬಹಳ ವಿದ್ಯಾರ್ಥಿಗಳ ಸ್ಥಿತಿ ಇದು. ಕನ್ನಡದಲ್ಲಿ ಬರೆಯುವುದಾದರೆ ಪಾರಿಭಾಷಿಕ ಪದಗಳಿಗೆ ಮೂರು ಅಂಕಣದ ಪುಸ್ತಕ ಮಾಡಿ. ಇಂಗ್ಲಿಷ್ ಪದ, ಕನ್ನಡ ಪದ, ಉಪನ್ಯಾಸಕರು ಕೊಟ್ಟ ಉದಾಹರಣೆ. ದಿನಕ್ಕೆ ಐದು ಪದ ಸಾಕು, ಎರಡು ತಿಂಗಳಲ್ಲಿ ಸೆಮಿಸ್ಟರ್‌ನ ಮುಖ್ಯ ಪದಗಳೆಲ್ಲ ಸೇರಿರುತ್ತವೆ.

ಕನ್ನಡ ಭಾಷಾ ಪತ್ರಿಕೆಯನ್ನು ಸುಲಭವೆಂದು ಕೊನೆಗೆ ದೂಡುತ್ತಾರೆ. ಪಠ್ಯದಲ್ಲಿ ಹಳಗನ್ನಡದ ಪದ್ಯ ಇದ್ದರೆ ಅದು ಕೊನೆಯ ವಾರದಲ್ಲಿ ಕೈಗೆ ಬರುವುದಿಲ್ಲ. ಪದ್ಯವನ್ನು ದಿನವೂ ಎರಡು ಸಲ ಗಟ್ಟಿಯಾಗಿ ಓದಿ, ಪದ ಬಿಡಿಸಿ ಕೆಳಗೆ ಬರೆದುಕೊಳ್ಳಿ. ಕಣ್ಣಿನಿಂದ ಓದಿದರೆ ತಿಳಿಯದ ಸಾಲು ಕಿವಿಗೆ ಬಿದ್ದಾಗ ಬಿಚ್ಚಿಕೊಳ್ಳುತ್ತದೆ.

ಪಿಯುಸಿಯಲ್ಲಿ ಕಲಾ ವಿಭಾಗ ಓದಿ ಈಗ ಬಿಕಾಂ ಸೇರಿದವರಿಗೆ ಒಂದು ಮಾತು. ಮೊದಲ ಸೆಮಿಸ್ಟರ್‌ನ ಲೆಕ್ಕಶಾಸ್ತ್ರ ನಿಮಗೆ ತಡೆಯಾಗಿ ನಿಲ್ಲುತ್ತದೆ, ಏಕೆಂದರೆ ಉಪನ್ಯಾಸಕರು ಜರ್ನಲ್ ಎಂಟ್ರಿ, ಅಂದರೆ ವ್ಯವಹಾರವನ್ನು ಡೆಬಿಟ್, ಕ್ರೆಡಿಟ್ ಎಂದು ಬರೆಯುವುದು, ಎಲ್ಲರಿಗೂ ಬರುತ್ತದೆ ಎಂದುಕೊಂಡು ಮುಂದೆ ಹೋಗುತ್ತಾರೆ. ನಿಯಮ ಮೂರೇ. ವಸ್ತು, ನಗದಿನ ಖಾತೆಗೆ ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್. ವ್ಯಕ್ತಿ, ಅಂಗಡಿಗಳ ಖಾತೆಗೆ ಪಡೆದವರು ಡೆಬಿಟ್, ಕೊಟ್ಟವರು ಕ್ರೆಡಿಟ್. ಮೂರನೆಯದು ಖರ್ಚು, ಆದಾಯದ ಖಾತೆ, ಅದಕ್ಕೆ ಖರ್ಚು ಮತ್ತು ನಷ್ಟ ಡೆಬಿಟ್, ಆದಾಯ ಮತ್ತು ಲಾಭ ಕ್ರೆಡಿಟ್. ಅಕ್ಕಿ ವ್ಯಾಪಾರಿಯೊಬ್ಬರು 24,000 ರೂಪಾಯಿಯ ಅಕ್ಕಿಯನ್ನು ಒಂದು ಕಿರಾಣಿ ಅಂಗಡಿಗೆ ಉದ್ದರಿ ಮಾರಿದರು. ಮಾಲು ಪಡೆದದ್ದು ಅಂಗಡಿ, ಅದರ ಖಾತೆ ಡೆಬಿಟ್. ವ್ಯಾಪಾರಿಗೆ ಅದು ಮಾರಾಟ, ಮಾರಾಟ ಖಾತೆ ಕ್ರೆಡಿಟ್. ಹದಿನೈದು ದಿನಕ್ಕೆ ಅಂಗಡಿ ನಗದು ಕೊಟ್ಟಿತು. ನಗದು ಬಂತು, ಡೆಬಿಟ್. ಅಂಗಡಿ ಕೊಟ್ಟಿತು, ಕ್ರೆಡಿಟ್. ನಗದು ಬಂದ ದಿನ ಮತ್ತೆ ಮಾರಾಟ ಖಾತೆಗೆ ಬರೆಯುವುದೇ ಹೊಸಬರು ಮಾಡುವ ತಪ್ಪು, ಮಾರಾಟ ಆಗಲೇ ಬರೆದಾಗಿದೆ. ಇಂಥ ಹತ್ತು ವ್ಯವಹಾರ ದಿನಕ್ಕೆ, ಇಪ್ಪತ್ತು ದಿನ ಬರೆಯಿರಿ. ಮನೆ ಖರ್ಚು, ಹೊಲದ ಖರ್ಚು ನಿಭಾಯಿಸಿದವರಿಗೆ ಇದು ಹದಿನೆಂಟರ ಹುಡುಗರಿಗಿಂತ ಬೇಗ ಹಿಡಿಯುತ್ತದೆ.

ಇಂಟರ್ನಲ್ ಅಂಕ

ಇಪ್ಪತ್ತು ಅಂಕ ಎಂದರೆ ಸಣ್ಣದಲ್ಲ. ಸೆಮಿಸ್ಟರ್ ಪರೀಕ್ಷೆಯಲ್ಲಿ ಅನುತ್ತೀರ್ಣರಾದರೆ ಮತ್ತೆ ಕಟ್ಟಬಹುದು, ಆದರೆ ಇಂಟರ್ನಲ್ ಅಂಕ ಸಾಮಾನ್ಯವಾಗಿ ಮೊದಲು ಬಂದದ್ದೇ ಉಳಿಯುತ್ತದೆ. ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್‌ಗಳಿಗೆ ಎಷ್ಟೆಷ್ಟು ಅಂಕ ಎಂಬುದು ಪಠ್ಯಕ್ರಮದ ಪ್ರತಿಯಲ್ಲೇ ಇರುತ್ತದೆ. ವಿಶ್ವವಿದ್ಯಾಲಯದ ಜಾಲತಾಣದಿಂದ ಇಳಿಸಿಕೊಂಡು ನಿಮ್ಮ ಸೆಮಿಸ್ಟರ್‌ನ ಪುಟಗಳನ್ನಷ್ಟೇ ಝೆರಾಕ್ಸ್ ಮಾಡಿಸಿ.

ಅಸೈನ್‌ಮೆಂಟ್ ಕೊಟ್ಟ ದಿನವೇ ವಿಷಯ ಮತ್ತು ಕೊನೆಯ ದಿನಾಂಕ ಬರೆದುಕೊಳ್ಳಿ, ಕೊಟ್ಟ ಮೇಲೆ ಒಂದು ಫೋಟೊ ತೆಗೆದಿಡಿ. ಅಸೈನ್‌ಮೆಂಟ್ ಕಳೆಯುವುದು ನಡೆಯುತ್ತಿರುತ್ತದೆ, ಫೋಟೊ ಇದ್ದರೆ ವಾದ ಬೇಕಿಲ್ಲ. ಸೂಚನೆಗಳು ವಾಟ್ಸ್ಯಾಪ್ ಗುಂಪಿಗೆ ಬರುತ್ತವೆ. ಪ್ರವೇಶದ ವಾರದಲ್ಲೇ ತರಗತಿ ಪ್ರತಿನಿಧಿಗೆ ನಂಬರ್ ಕೊಟ್ಟು ಸೇರಿಸಿಕೊಳ್ಳುವಂತೆ ಹೇಳಿ. ಗುಂಪಿನಲ್ಲಿದ್ದರೂ ವಾರಕ್ಕೆ ಎರಡು ಸಲ ನೋಟೀಸ್ ಬೋರ್ಡು ನೋಡಿ.

ಝೆರಾಕ್ಸ್ ಅಂಗಡಿಯ ನೋಟ್ಸ್ ಮತ್ತು ಗೈಡ್ ಕೊಳ್ಳುವ ಮುಂಚೆ ಇಸವಿ ನೋಡಿ. 2021–22ರಿಂದ 2023–24ರವರೆಗೆ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಇತ್ತು. ಆಗಿನ ಪರೀಕ್ಷೆ 60 ಅಂಕದ್ದು, ಇಂಟರ್ನಲ್ 40. ಆ ಕಾಲದ ಪ್ರಶ್ನೆಪತ್ರಿಕೆ ಇಟ್ಟುಕೊಂಡು ತಯಾರಾದರೆ ಪಾಠದ ಹೆಸರು ಒಂದೇ ಇದ್ದರೂ ಪ್ರಶ್ನೆಯ ಉದ್ದ, ಅಂಕದ ಹಂಚಿಕೆ ತಾಳೆಯಾಗುವುದಿಲ್ಲ.

ತರಗತಿಯ ಜನ, ಮನೆಯ ಜನ

ಪಕ್ಕದಲ್ಲಿ ಕೂತ ಹುಡುಗಿ "ಆಂಟಿ" ಎನ್ನುತ್ತಾಳೆ, ಪಾಠ ಮಾಡುವ ಸರ್ ನಿಮಗಿಂತ ನಾಲ್ಕು ವರ್ಷ ಚಿಕ್ಕವರಿರುತ್ತಾರೆ. ಮೊದಲ ವಾರ ಮುಜುಗರ ಆಗುತ್ತದೆ, ಅದು ಹೋಗುತ್ತದೆ. ಹಿಂದಿನ ಬೆಂಚಿಗೆ ಮಾತ್ರ ಹೋಗಬೇಡಿ. ಎರಡನೇ ಅಥವಾ ಮೂರನೇ ಸಾಲಿನಲ್ಲಿ ಕೂರಿ, ಒಬ್ಬ ನಿಯಮಿತವಾಗಿ ಬರುವ ಹುಡುಗಿ ಅಥವಾ ಹುಡುಗನ ಪಕ್ಕ. ನೋಟ್ಸ್ ತಪ್ಪಿದಾಗ ಅವರೇ ಆಸರೆ. ಅವರಿಗೆ ನಿಮ್ಮಿಂದ ಆಗುವ ಉಪಕಾರವೂ ಇದೆ. ಬ್ಯಾಂಕು, ಕಚೇರಿ, ಅರ್ಜಿ ತುಂಬುವುದು ನಿಮಗೆ ಗೊತ್ತಿರುವಷ್ಟು ಅವರಿಗೆ ಗೊತ್ತಿರುವುದಿಲ್ಲ.

ಪ್ರತಿ ಉಪನ್ಯಾಸಕರನ್ನೂ ಎರಡನೇ ವಾರದೊಳಗೆ ಒಮ್ಮೆ ಸ್ಟಾಫ್ ರೂಮಿನಲ್ಲಿ ಕಂಡು ಎರಡು ಮಾತು ಹೇಳಿ: "ಸರ್, ನಂದು ಹತ್ತು ವರ್ಷ ಗ್ಯಾಪ್ ಐತ್ರಿ. ಕ್ಲಾಸಿಗೆ ದಿನಾ ಬರ್ತೀನ್ರಿ, ತಿಳೀದಿದ್ರ ಬಂದು ಕೇಳ್ತೀನ್ರಿ." ಇಷ್ಟು ಸಾಕು. ಮನೆ ಕಷ್ಟ ವಿವರಿಸುವ ಅಗತ್ಯವಿಲ್ಲ. ಮುಂದೆ ಮಗುವಿಗೆ ಹುಷಾರಿಲ್ಲದೆ ಟೆಸ್ಟ್ ತಪ್ಪಿದಾಗ ಈ ಪರಿಚಯ ನೆರವಿಗೆ ಬರುತ್ತದೆ.

ಮನೆಯಲ್ಲಿ ಅತ್ತೆ, ಗಂಡ, ಅಣ್ಣ ಯಾರೇ ಇರಲಿ, "ಓದ್ತೀನಿ, ಸಹಕಾರ ಕೊಡ್ರಿ" ಎಂದರೆ ಎಲ್ಲರೂ ಹ್ಞೂಂ ಅನ್ನುತ್ತಾರೆ, ಕೆಲಸ ಯಾರ ಮೇಲೂ ಬೀಳುವುದಿಲ್ಲ. ಬಿಡಿಬಿಡಿಯಾಗಿ ಕೇಳಿ. ಮಗುವನ್ನು ಶಾಲೆಯಿಂದ ಕರೆತರುವುದು ಯಾರು, ಸಂಜೆ ರೊಟ್ಟಿ ಯಾರು ಮಾಡುವುದು, ರಾತ್ರಿ 8ರಿಂದ 10 ಅಥವಾ ಬೆಳಗಿನ 4ರಿಂದ 6 ನಿಮ್ಮ ಹೊತ್ತು ಎಂದು ಎಲ್ಲರೂ ಒಪ್ಪುವುದು. ದಿನಕ್ಕೆ ಎರಡು ತಾಸು, ವಾರಕ್ಕೆ ಆರು ದಿನ. ಇದಕ್ಕಿಂತ ಹೆಚ್ಚಿಟ್ಟುಕೊಂಡರೆ ಎರಡನೇ ತಿಂಗಳಿಗೆ ಮುರಿಯುತ್ತದೆ, ಒಂದು ತಾಸಿಗೆ ಇಳಿಸಿದರೆ ಬರೆಯುವ ಅಭ್ಯಾಸವೇ ಅದನ್ನು ತಿಂದುಬಿಡುತ್ತದೆ. ನವೆಂಬರ್‌ನ ಕೊಯ್ಲಿಗೆ ಕೂಲಿ ಯಾರು, ಯಂತ್ರ ಯಾವಾಗ ಎಂಬ ಮಾತನ್ನೂ ಸೆಪ್ಟೆಂಬರ್‌ನಲ್ಲೇ ಆಡಿ ಮುಗಿಸಿ.

ಕೊನೆಯ ತಿಂಗಳು

ಪರೀಕ್ಷಾ ಅರ್ಜಿಯ ದಿನಾಂಕ ಬಂದ ಕೂಡಲೇ ತುಂಬಿ. ದಂಡವಿಲ್ಲದ ದಿನಾಂಕ ದಾಟಿದರೆ ದಂಡ, ಅದೂ ದಾಟಿದರೆ ಆ ಸೆಮಿಸ್ಟರ್ ಪರೀಕ್ಷೆಯೇ ಇಲ್ಲ. ತುಂಬುವಾಗ ವಿಷಯಗಳ ಹೆಸರು ಮತ್ತು ಕೋಡ್‌ಗಳನ್ನು ಒಂದೊಂದಾಗಿ ತಾಳೆ ನೋಡಿ. ಭಾಷಾ ವಿಷಯದಲ್ಲಿ ಕನ್ನಡದ ಬದಲು ಬೇರೆ ಭಾಷೆ ಆಯ್ಕೆಯಾಗಿರುವುದು ಹಾಲ್ ಟಿಕೆಟ್ ಕೈಗೆ ಬಂದಾಗಲೇ ಹಲವರಿಗೆ ಗೊತ್ತಾಗುವುದು. ಶುಲ್ಕ ಕಟ್ಟಿದ ರಸೀದಿ ಪ್ರಿಂಟ್ ತೆಗೆದು ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಒಂದು ಪ್ರತಿ ಕೊಡಿ. ಹಣ ಕಡಿತವಾಗಿ ಅರ್ಜಿ ಬಾಕಿ ಎಂದು ತೋರಿಸುತ್ತಿದ್ದರೆ ಕೂಡಲೇ ಎರಡನೇ ಸಲ ಕಟ್ಟಬೇಡಿ, ವಹಿವಾಟಿನ ಸಂಖ್ಯೆ ಹಿಡಿದು ಪರೀಕ್ಷಾ ವಿಭಾಗಕ್ಕೆ ಹೋಗಿ.

ಪ್ರತಿ ವಿಷಯದ ಪ್ರತಿ ಘಟಕದಿಂದ ಎರಡು ದೊಡ್ಡ ಉತ್ತರ, ನಾಲ್ಕು ಚಿಕ್ಕ ಉತ್ತರ ಬರೆದು ನೋಡಿದ್ದರೆ ಪಾಸಿಗೆ ಸಾಕು. ಒಂದು ಘಟಕವನ್ನು ಪೂರ್ತಿ ಬಿಡುವುದು ಅಪಾಯ, ಎಲ್ಲ ಘಟಕಗಳನ್ನೂ ಅಷ್ಟಷ್ಟು ಮುಟ್ಟಿರುವುದು ಮೇಲು.

ಫಲಿತಾಂಶದಲ್ಲಿ ಒಂದು ವಿಷಯ ಉಳಿದರೆ ಕಾಲೇಜು ಬಿಡುವ ಕಾರಣವೇ ಇಲ್ಲ, ಎರಡನೇ ಸೆಮಿಸ್ಟರ್ ತರಗತಿಗೆ ಹೋಗುತ್ತಲೇ ಅದನ್ನು ಕಟ್ಟಬಹುದು. ಅಂಕ ನಿರೀಕ್ಷೆಗಿಂತ ತೀರ ಕಡಿಮೆ ಅನಿಸಿದರೆ ಮೊದಲು ಉತ್ತರಪತ್ರಿಕೆಯ ನಕಲಿಗೆ ಅರ್ಜಿ ಹಾಕಿ, ಅದನ್ನು ಆ ವಿಷಯದ ಉಪನ್ಯಾಸಕರಿಗೆ ತೋರಿಸಿ, ಅವರು ಹೌದೆಂದರೆ ಮಾತ್ರ ಮರುಮೌಲ್ಯಮಾಪನದ ಶುಲ್ಕ ಕಟ್ಟಿ. ಎರಡಕ್ಕೂ ಫಲಿತಾಂಶ ಬಂದ ಮೇಲೆ ಕೆಲವೇ ದಿನಗಳ ಅವಕಾಶ ಇರುತ್ತದೆ. ಉಳಿದ ವಿಷಯದ ಪರೀಕ್ಷಾ ಅರ್ಜಿ ಮುಂದಿನ ಸಲ ತಾನಾಗಿಯೇ ಸೇರಿಕೊಳ್ಳುವುದಿಲ್ಲ, ಎರಡನೇ ಸೆಮಿಸ್ಟರ್ ಅರ್ಜಿ ತುಂಬುವ ದಿನ ಆ ಹಳೆಯ ಪತ್ರಿಕೆಯನ್ನೂ ಆಯ್ಕೆ ಮಾಡಿದ್ದೀರಾ ಎಂದು ನೋಡಿಕೊಳ್ಳಿ.